ರೆಕ್ಕೆಯ ಬೆನ್ನೆಲುಬು: ಬಿದಿರಿನ ದಬ್ಬೆಯೋ, ಕಾರ್ಬನ್ ಕೊಳವೆಯೋ?

ಕಲಬುರಗಿ ಸುತ್ತಲಿನ ಎರಿ ಹೊಲಗಳಲ್ಲಿ ರಿಮೋಟ್ ವಿಮಾನ ಹಾರಿಸುವವರಿಗೆ ಎರಡು ಕಾಟ: ತೊಗರಿ ಕೊಯ್ದ ಮೇಲೆ ಉಳಿಯುವ ಚೂಪು ಕೂಳೆ, ಮತ್ತು ಬಿಸಿಲು. ಹುಲ್ಲಿನ ಮೈದಾನದಲ್ಲಿ ಇಳಿಸುವವರ ಸಲಹೆ ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರೋದಿಲ್ಲ. ಅದಕ್ಕೇ 5 ಮಿ.ಮೀ. ಫೋಮ್ ಶೀಟಿನಲ್ಲಿ ಒಂದೇ ಅಳತೆಯ ಎರಡು ರೆಕ್ಕೆ ಮಾಡಿದೆ. ತುದಿಯಿಂದ ತುದಿಗೆ ಒಂದು ಮೀಟರ್. ಒಂದರೊಳಗೆ ಬೆನ್ನೆಲುಬಾಗಿ (ಇದಕ್ಕೆ ಸ್ಪಾರ್ ಅಂತಾರೆ) 4 ಮಿ.ಮೀ. ಚೌಕದ ಬಿದಿರಿನ ದಬ್ಬೆ, ಇನ್ನೊಂದರೊಳಗೆ 4 ಮಿ.ಮೀ. ಕಾರ್ಬನ್ ಕೊಳವೆ. ಒಂದೇ ವಿಮಾನಕ್ಕೆ ಎರಡನ್ನೂ ಬದಲಿಸಿ ಬದಲಿಸಿ ಕಟ್ಟಿ ಹಾರಿಸಿದೆ.

ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ದಬ್ಬೆ ಸುಮಾರು 11 ಗ್ರಾಂ, ಕೊಳವೆ 9ರ ಹತ್ತಿರ. ಬಾಗುವ ವಿಷಯಕ್ಕೆ ಬಂದರೆ ಮಾತೇ ಬೇರೆ. ರೆಕ್ಕೆಯ ಎರಡೂ ತುದಿ ಇಟ್ಟಿಗೆ ಮೇಲಿಟ್ಟು ನಡುವೆ ನೀರಿನ ಬಾಟಲಿ ತೂಗುಹಾಕಿದರೆ ಬಿದಿರಿನದು ಕಣ್ಣಿಗೆ ಕಾಣುವಷ್ಟು ಜಗ್ಗುತ್ತದೆ, ಕಾರ್ಬನ್ನಿನದು ಜಗ್ಗಿತೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಇದು ಬರೀ ಮನೆಯ ಆಟವಲ್ಲ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ಓರೆಯಾಗಿ ತಿರುಗಿದರೆ ರೆಕ್ಕೆ ವಿಮಾನದ ತೂಕದ ಎರಡರಷ್ಟು ಹೊರಬೇಕು. ಡೈವ್ ಹೊಡೆದು ಮೇಲೆತ್ತಿದರೆ ಇನ್ನೂ ಹೆಚ್ಚು. ಮಧ್ಯಾಹ್ನದ ಗಾಳಿಯಲ್ಲಿ ಕಾರ್ಬನ್ ರೆಕ್ಕೆ ರಿಮೋಟಿನ ಸ್ಟಿಕ್ ಮಾತು ಕೇಳುತ್ತಿತ್ತು, ಬಿದಿರಿನದು ತುದಿಯಲ್ಲಿ ಬಡಿದುಕೊಳ್ಳುತ್ತಿತ್ತು.

ಆದರೆ ನೆಲಕ್ಕೆ ಬಿದ್ದಾಗ ಲೆಕ್ಕ ತಿರುಗುತ್ತದೆ. ಕೂಳೆಗೆ ರೆಕ್ಕೆ ತಗುಲಿದರೆ ಬಿದಿರು ಸೀಳುತ್ತದೆ, ಪೂರ್ತಿ ಮುರಿಯುವುದು ಅಪರೂಪ. ಸೀಳಿಗೆ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ತುಂಬಿ ಮೇಲೆ ನೂಲು ಬಿಗಿದು ಸುತ್ತಿದರೆ ಮತ್ತೆ ಹಾರುತ್ತದೆ. ಕಾರ್ಬನ್ ಕೊಳವೆ ಉದ್ದಕ್ಕೆ ಗಟ್ಟಿ, ಪಕ್ಕದಿಂದ ಅದುಮಿದರೆ ಬಿರುಕು ಬಿಡುತ್ತದೆ, ಒಮ್ಮೆ ಒಡೆದರೆ ಚೂರುಗಳು ಫೋಮನ್ನೂ ಹರಿದುಕೊಂಡು ಹೊರಬರುತ್ತವೆ. ಅದರ ಸಿಬಿರು ಬೆರಳಿಗೆ ಚುಚ್ಚಿದರೆ ತೆಗೆಯುವುದು ಕಷ್ಟ, ಕತ್ತರಿಸುವಾಗ ಮೂಗಿಗೆ ಮಾಸ್ಕ್ ಬೇಕೇಬೇಕು. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಆಂಟೆನಾವನ್ನು ಕೊಳವೆಗೆ ಅಂಟಿಕೊಂಡಂತೆ ಇಡಬೇಡಿ; ಕಾರ್ಬನ್ ವಿದ್ಯುತ್ ಹರಿಯಬಿಡುವ ವಸ್ತು, 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಅಡ್ಡಬರುತ್ತದೆ.

ಬಿದಿರು ಸಿಗುವುದು ಸುಲಭ. ಬುಟ್ಟಿ ಹೆಣೆಯುವ ಮೇದಾರರ ಹತ್ತಿರ ಕೇಳಿದರೆ ಒಣಗಿದ ದಬ್ಬೆ ಕೊಡುತ್ತಾರೆ. ಗೆಣ್ಣು ಕಡಿಮೆ ಇರುವುದನ್ನು ಆರಿಸಿ. ಹೊರಸಿಪ್ಪೆಯ ಕಡೆ ನಾರು ದಟ್ಟವಾಗಿರುತ್ತದೆ, ಅದನ್ನು ಹೆರೆದು ಹಾಕಬೇಡಿ, ರೆಕ್ಕೆಯ ಕೆಳಮುಖಕ್ಕೆ ಕೂರಿಸಿ, ಹಾರುವಾಗ ಎಳೆತ ಬೀಳುವುದು ಅಲ್ಲೇ. ಶೀಟ್ ದಪ್ಪ ಇದ್ದರೆ ಒಂದು ದಪ್ಪ ದಬ್ಬೆಯ ಬದಲು ಮೇಲೊಂದು ಕೆಳಗೊಂದು ತೆಳು ದಬ್ಬೆ ಹಾಕಿ ನೋಡಿ. ನಡುವಿನ ಅಂತರವೇ ಬಿಗಿತ ಕೊಡುತ್ತದೆ.

ಅಂಟಿನ ಬಗ್ಗೆ ನನಗೆ ಎರಡು ಮನಸ್ಸಿಲ್ಲ. ಮೇ ತಿಂಗಳಲ್ಲಿ ನಮ್ಮೂರಿನ ನೆರಳೇ 42, 43 ಡಿಗ್ರಿ ಮುಟ್ಟುತ್ತದೆ, ಮುಚ್ಚಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಆ ಕಾವಿಗೆ ಹಾಟ್ ಗ್ಲೂ ಮೆತ್ತಗಾಗಿ ದಬ್ಬೆ ಜಾರುತ್ತದೆ. ಸ್ಪಾರಿಗೂ ಮೋಟರ್ ಕೂರುವ ಜಾಗಕ್ಕೂ ಎಪಾಕ್ಸಿಯೇ ಸರಿ. ಬೇಸಿಗೆಯಲ್ಲಿ ಐದು ನಿಮಿಷದ ಎಪಾಕ್ಸಿ ಅದಕ್ಕಿಂತ ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಸಾದಾ ಫೆವಿಕ್ವಿಕ್ ಥರ್ಮಾಕೋಲ್ ಜಾತಿಯ ಫೋಮನ್ನು ಕರಗಿಸುತ್ತದೆ, ಅದು ಬೇಡ. ರೆಕ್ಕೆಯ ಮುಂದಂಚಿಗೆ ಗಾಜಿನ ನೂಲಿರುವ ಟೇಪು ಒಂದು ಸುತ್ತು ಸಾಕು. ಎರಿ ಮಣ್ಣಿನ ಧೂಳು ಒರೆಸಿ ಅಂಟಿಸಿದರೆ ಮಾತ್ರ ನಿಲ್ಲುತ್ತದೆ.

ಹೊಸದಾಗಿ ಕಲಿಯುವವರಿಗೆ ನಾನು ಬಿದಿರನ್ನೇ ಕೊಡುತ್ತೇನೆ, ದಿನವೂ ಬೀಳುವ ವಿಮಾನಕ್ಕೆ ದಿನವೂ ರಿಪೇರಿಯಾಗುವ ರೆಕ್ಕೆ ಬೇಕು. ಇಳಿಸುವುದು ಕೈಗೆ ಹತ್ತಿದ ಮೇಲೆ ರೆಕ್ಕೆಗೆ ಕಾರ್ಬನ್ ಹಾಕಿ, ಬಾಲಕ್ಕೂ ಒಡಲಿಗೂ ಬಿದಿರು ಇರಲಿ. ಹೊಲ ಆರಿಸುವ ಮೊದಲು ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಿ: ಇಲ್ಲಿ ವಿಮಾನ ನಿಲ್ದಾಣ, ಬೀದರಿನಲ್ಲಿ ವಾಯುಪಡೆಯ ನೆಲೆ, ಎರಡರ ಸುತ್ತಲೂ ನಿರ್ಬಂಧವಿದೆ.