ಮರಳಿನಡಿ ಹೋದ ಶಂಖದ ಏಡಿಯನ್ನು ಮಾರಿದ ಅಂಗಡಿಗೇ ಒಯ್ಯಬೇಡಿ

ಅಂಗಡಿಗಳಲ್ಲಿ ಹರ್ಮಿಟ್ ಕ್ರ್ಯಾಬ್ ಎಂದು ಮಾರುವ, ಖಾಲಿ ಶಂಖದೊಳಗೆ ಮೈಯಿಟ್ಟುಕೊಂಡು ನೆಲದ ಮೇಲೆ ಬದುಕುವ ಶಂಖದ ಏಡಿಯನ್ನು ಮನೆಯಲ್ಲಿ ಸಾಕಿಕೊಂಡಿರುವವರು, ಅದು ಮರಳಿನಡಿ ಹೋಗಿ ವಾರಗಟ್ಟಲೆ ಮೇಲೆ ಬಾರದಿದ್ದರೂ ದಯವಿಟ್ಟು ಅಗೆದು ತೆಗೆಯಬೇಡಿ. ಅದನ್ನು ಮಾರಿದವರ ಬಳಿಗಂತೂ ಒಯ್ಯಲೇಬೇಡಿ. ಹಾಸನದ ಒಂದು ಅಕ್ವೇರಿಯಂ ಅಂಗಡಿಯವನು ನನ್ನ ಮಗಳ ಜೀವಂತ ಏಡಿಯನ್ನು ಸತ್ತಿದೆ ಎಂದು ನಂಬಿಸಿ ಇಟ್ಟುಕೊಂಡ, ನನಗೆ ಇನ್ನೊಂದನ್ನು ಮಾರಿದ, ಆಮೇಲೆ ಆ ಮೊದಲನೆಯದನ್ನೇ ಮತ್ತೆ ಮಾರಾಟಕ್ಕೆ ಇಟ್ಟ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳದೆ ಇರಲಾಗುತ್ತಿಲ್ಲ.

ಕೊಳ್ಳುವಾಗ ಏಡಿಗೆ 600 ರೂಪಾಯಿ ಕೊಟ್ಟೆ. ಶಂಖಕ್ಕೆ ಹಳದಿ-ಕೆಂಪು ಬಣ್ಣ ಬಳಿದಿದ್ದರು. ಬಾಯಂಚಿನಲ್ಲಿ ಉಗುರಿನಷ್ಟು ಬಣ್ಣ ಎದ್ದು ಹೋಗಿತ್ತು. ಏಡಿಗೆ ಬಲಗಡೆಯ ಒಂದು ಕಾಲು ಇರಲಿಲ್ಲ, ಅದಕ್ಕೆಂದು ನೂರು ರೂಪಾಯಿ ಕಡಿಮೆ ಮಾಡಿದ್ದೇನೆಂದು ಅವನೇ ಹೇಳಿದ. ಜೊತೆಗೆ ತಂತಿಯ ಗೂಡು, ಬಣ್ಣದ ಕಲ್ಲು, ಒಂದು ತುಂಡು ಸ್ಪಂಜು. “ನಲ್ಲಿ ನೀರು ಸಾಕು ಸಾರ್, ಸ್ಪಂಜು ಒದ್ದೆ ಮಾಡಿ ಇಡಿ. ಐದಾರು ತಿಂಗಳು ಆರಾಮಾಗಿ ಇರುತ್ತೆ” ಎಂದ. ಚೆನ್ನಾಗಿ ನೋಡಿಕೊಂಡರೆ ದಶಕಗಳ ಕಾಲ ಬದುಕಬಲ್ಲ ಪ್ರಾಣಿಗೆ ಐದಾರು ತಿಂಗಳ ಗ್ಯಾರಂಟಿ. ಬಿಲ್ ಕೇಳಿದ್ದಕ್ಕೆ, ಪ್ರಾಣಿಗಳಿಗೆ ಬಿಲ್ ಹಾಕುವುದಿಲ್ಲ ಎಂದ.

ಮಗಳು ತಾನೇ ಓದಿಕೊಂಡು ಗೂಡನ್ನು ಅಟ್ಟಕ್ಕೆ ಹಾಕಿಸಿ, ಗಾಜಿನ ತೊಟ್ಟಿಯಲ್ಲಿ ಐದು ಪಾಲು ತೊಳೆದ ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಹಿಡಿದರೆ ಉಂಡೆಯಾಗುವಷ್ಟು ತೇವ ಮಾಡಿ, ಆರು ಇಂಚಿಗಿಂತ ಹೆಚ್ಚು ಆಳಕ್ಕೆ ತುಂಬಿದ್ದಳು. ಅರಸೀಕೆರೆ ಕಡೆಯವರಿಗೆ ತೆಂಗಿನ ನಾರಿಗೇನು ಬರ. ಏಡಿ ಕೆಲವು ದಿನ ನೀರಿನ ಬಟ್ಟಲಿನಲ್ಲೇ ಕೂತಿತು, ಮೈ ಬೂದಿ ಬಣ್ಣಕ್ಕೆ ತಿರುಗಿತು, ಕಣ್ಣು ಮಂಜಾಯಿತು, ಆಮೇಲೆ ಒಂದು ರಾತ್ರಿ ಮರಳಿನೊಳಗೆ ಇಳಿದುಹೋಯಿತು.

ತಿಂಗಳು ದಾಟಿದರೂ ಮೇಲೆ ಬಾರದಿದ್ದಾಗ ಅಂಗಡಿಗೆ ಫೋನ್ ಮಾಡಿದೆ. “ಇಷ್ಟು ದಿನ ಬಂದಿಲ್ಲ ಅಂದ್ರೆ ಮುಗೀತು ಸಾರ್. ಒಳಗೇ ಕೊಳೆತು ಮನೆಯೆಲ್ಲ ನಾರುತ್ತೆ. ತೊಟ್ಟಿ ಸಮೇತ ತಂದುಬಿಡಿ, ಎಕ್ಸ್‌ಚೇಂಜ್ ಮಾಡಿಕೊಡ್ತೀನಿ” ಎಂದ. ನಮಗೆ ಆವರೆಗೆ ಯಾವ ವಾಸನೆಯೂ ಬಂದಿರಲಿಲ್ಲ ಎಂದು ಹೇಳಿದ್ದಕ್ಕೆ, “ಚಳಿಗಾಲ ಅಲ್ವಾ ಸಾರ್, ನಿಧಾನಕ್ಕೆ ಬರುತ್ತೆ” ಎಂದ. ಎಷ್ಟು ಸಲೀಸಾಗಿ ಹೇಳಿದ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಂಗಡಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವನ ಹುಡುಗ ಊಟದ ಚಮಚದಿಂದ ಮರಳನ್ನು ಕೆದಕಿದ. ಮೂಲೆಯಲ್ಲಿ ಒಂದು ಪುಟ್ಟ ಗುಹೆಯಂತಹ ಜಾಗ ತೆರೆದುಕೊಂಡಿತು, ಅದರಲ್ಲಿ ಶಂಖವಿತ್ತು, ಶಂಖದ ಪಕ್ಕದಲ್ಲಿ ಏಡಿಯ ಕೊಂಡಿ, ಕಾಲುಗಳು, ಎಲ್ಲವೂ ಒಂದೆಡೆ ಬಿದ್ದಿದ್ದವು. ಅಂಗಡಿಯವನು ಅವನ್ನು ಅಂಗೈಯಲ್ಲಿ ಹಿಡಿದು ನನ್ನ ಮಗಳ ಮುಖದ ಮುಂದೆ ತಂದು, “ನೋಡಮ್ಮ, ಶಂಖದಿಂದ ಹೊರಗೆ ಬಂದು ಸತ್ತುಹೋಗಿದೆ” ಎಂದ. ಅವಳು ಅಳಲು ಶುರು ಮಾಡಿದಳು. ಆ ಗಲಾಟೆಯಲ್ಲಿ ಅವನು ಶಂಖವನ್ನು ಎತ್ತಿ, ಬಾಯನ್ನು ನಮ್ಮ ಕಡೆ ತಿರುಗಿಸದೆ, ಗಲ್ಲಾದ ಹಿಂದಿನ ಡಬ್ಬಿಯೊಳಗೆ ಇಟ್ಟ. ಬಾಯನ್ನು ನಮ್ಮ ಕಡೆ ತಿರುಗಿಸಲೇ ಇಲ್ಲ. “ಖಾಲಿ ಶಂಖ ನಿಮಗ್ಯಾಕೆ ಸಾರ್, ಅದಕ್ಕೇ ಐವತ್ತು ರೂಪಾಯಿ ಕಳೀತೀನಿ” ಎಂದು 550ಕ್ಕೆ ಇನ್ನೊಂದು ಏಡಿಯನ್ನು ಕೈಗಿಟ್ಟ. ಎಕ್ಸ್‌ಚೇಂಜ್ ಎಂದರೆ ಇದು.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ನನ್ನ ಬಾಮೈದನಿಗೆ ಅದೇ ರಾತ್ರಿ ಮಗಳು ಫೋನಿನಲ್ಲಿ ಅಳುತ್ತಾ ಎಲ್ಲವನ್ನೂ ಹೇಳಿದಳು. ಅವನು ಫೋನನ್ನು ನನಗೆ ಕೊಡಿಸಿ ಕೇಳಿದ ಮೊದಲ ಮಾತು, “ಭಾವ, ಆ ಕಾಲುಗಳು ಟೊಳ್ಳಾಗಿದ್ವಾ? ಶಂಖದೊಳಗೆ ನೋಡಿದ್ರಾ?” ಟೊಳ್ಳಾಗಿಯೇ ಇದ್ದವು, ಹಗುರಾಗಿ, ಸಿಪ್ಪೆಯಂತೆ. ಏಡಿಯ ಗಟ್ಟಿ ಹೊರಮೈ ಅದರೊಂದಿಗೆ ಬೆಳೆಯುವುದಿಲ್ಲವಾದ್ದರಿಂದ ಅದು ಆಗಾಗ ಮರಳಿನಡಿ ಹೋಗಿ ಪೊರೆ ಕಳಚುತ್ತದೆಂದೂ, ಹೊಸ ಮೈ ಗಟ್ಟಿಯಾಗಲು ಬೇಕಾದ ಸುಣ್ಣದಂಶಕ್ಕಾಗಿ ತಾನು ಕಳಚಿದ್ದನ್ನು ತಾನೇ ತಿನ್ನುತ್ತದೆಂದೂ, ಇದಕ್ಕೆಲ್ಲ ವಾರಗಳಿಂದ ತಿಂಗಳುಗಳವರೆಗೆ ಹಿಡಿಯಬಹುದೆಂದೂ, ಆ ಹೊತ್ತಿನಲ್ಲಿ ಅಗೆದರೆ ಮೆತ್ತನೆಯ ಮೈಗೆ ಪೆಟ್ಟಾಗಿ ಸಾಯಬಹುದೆಂದೂ ಅವನು ವಿವರಿಸಿದ. ಸತ್ತ ಏಡಿಯಾದರೆ ಕೊಳೆತ ಮೀನಿನ ನಾತ ತಡೆಯಲಾಗುವುದಿಲ್ಲವಂತೆ. ಅಂದರೆ ಅಂಗಡಿಯವನು ನಮಗೆ ತೋರಿಸಿದ್ದು ಹೆಣವಲ್ಲ, ಪೊರೆ. ಏಡಿ ಇದ್ದದ್ದು ಅವನು ಡಬ್ಬಿಗೆ ಹಾಕಿದ ಶಂಖದೊಳಗೆ.

ಮರುದಿನ ಅಂಗಡಿಗೆ ಬಾಗಿಲು ಹಾಕಿತ್ತು, ಆಮೇಲೆ ಫೋನ್ ಎತ್ತಲಿಲ್ಲ. ಕೊನೆಗೊಂದು ಸಂಜೆ ಹೋದಾಗ ಗಾಜಿನ ಪೆಟ್ಟಿಗೆಯಲ್ಲಿ ಅದೇ ಹಳದಿ-ಕೆಂಪು ಶಂಖ, ಬಾಯಂಚಿನಲ್ಲಿ ಅದೇ ಎದ್ದ ಬಣ್ಣ, ಮತ್ತು ಬಲಗಡೆ ಇಲ್ಲದಿದ್ದ ಕಾಲಿನ ಜಾಗದಲ್ಲಿ ಹೊಸದಾಗಿ ಮೂಡಿದ, ಉಳಿದವಕ್ಕಿಂತ ಚಿಕ್ಕದಾದ, ಬಿಳಿಚಿಕೊಂಡ ಕಾಲು. ಪೊರೆ ಕಳಚಿದಾಗ ಹೋದ ಕಾಲು ಹೀಗೆ ಮತ್ತೆ ಬರುತ್ತದೆ. ಬೆಲೆ ಈಗ 700, ಕಾಲು ಪೂರ್ತಿಯಾಗಿದೆಯಲ್ಲ!

ಕೇಳಿದೆ. “ಒಂದೇ ಥರ ಬಣ್ಣದ ಶಂಖ ಬೇಕಾದಷ್ಟು ಬರುತ್ತೆ ಸಾರ್” ಎಂದ. ಕಾಲು ತೋರಿಸಿದೆ. “ಹೌದಾ, ಹಾಗಾದ್ರೆ ನಿಮ್ಮದೇ ಇರಬಹುದು, ನೀವೇ ಸತ್ತಿದೆ ಅಂತ ಬಿಟ್ಟುಹೋದ್ರಲ್ಲ” ಎಂದ. ಸತ್ತಿದೆ ಎಂದವರು ಯಾರು ಎಂದು ದನಿಯೇರಿಸಿದ್ದಕ್ಕೆ, “ಒಂದು ಏಡಿಗೆ ಇಷ್ಟೊಂದಾ ಸಾರ್? ಮಳೆ ಹಿಡಿದಾಗ ಸಕಲೇಶಪುರದ ಕಡೆ ಹೋಗಿ, ಗದ್ದೆ ಬದುವಿನಲ್ಲಿ ಚೀಲ ತುಂಬಾ ಸಿಗುತ್ತೆ” ಎಂದು ನಕ್ಕ. ಅಲ್ಲಿದ್ದ ಗಿರಾಕಿಗಳೂ ನಕ್ಕರು. ಆ ನಗು ನನಗೆ ಹಣಕ್ಕಿಂತ ಹೆಚ್ಚು ಚುಚ್ಚಿತು. ಕೊನೆಗೆ ಅದೇ 700 ಕೊಟ್ಟು ಬಿಡಿಸಿಕೊಂಡು ಬಂದೆ. ಮಗಳು ಪಕ್ಕದಲ್ಲಿದ್ದಳು, ಬೇರೆ ದಾರಿ ಇರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಸಾಕುವವರಿಗೆ ಇಷ್ಟು ಹೇಳುತ್ತೇನೆ. ಏಡಿ ಮರಳಿನಡಿ ಹೋದರೆ ತೊಟ್ಟಿಯನ್ನು ಅಲುಗಾಡಿಸಬೇಡಿ. ನಾತ ಬರುವವರೆಗೆ ಅದು ಬದುಕಿದೆ ಎಂದೇ ತಿಳಿಯಿರಿ. ಅದು ತೇವದ ಗಾಳಿಯಲ್ಲಿ ಕಿವಿರಿನಿಂದ ಉಸಿರಾಡುವ ಪ್ರಾಣಿ, ತಂತಿ ಗೂಡಿನಲ್ಲಿ ನಿಧಾನವಾಗಿ ಉಸಿರು ಕಟ್ಟುತ್ತದೆ. ತೊಟ್ಟಿಯ ತೇವಾಂಶ ಶೇಕಡ 75ರಿಂದ 85, ಬಿಸಿ 24 ಡಿಗ್ರಿಗಿಂತ ಮೇಲೆ ಇರಬೇಕು, ಡಿಸೆಂಬರ್ ರಾತ್ರಿಗಳಲ್ಲಿ ನಮ್ಮೂರಿನ ಚಳಿ ಅದಕ್ಕೆ ಆಗುವುದಿಲ್ಲ. ಕ್ಲೋರಿನ್ ಹಾಕಿದ ನಲ್ಲಿ ನೀರು, ಅಡುಗೆ ಉಪ್ಪು ಎರಡೂ ಬೇಡ; ಕ್ಲೋರಿನ್ ತೆಗೆದ ಸಿಹಿನೀರು ಒಂದು ಬಟ್ಟಲಲ್ಲಿ, ಅಕ್ವೇರಿಯಂನ ಸಮುದ್ರ ಉಪ್ಪು ಕಲಸಿದ ನೀರು ಇನ್ನೊಂದರಲ್ಲಿ ಇಡಿ. ಬಣ್ಣ ಬಳಿಯದ ಖಾಲಿ ಶಂಖಗಳನ್ನೂ ಹಾಕಿ.

ಇನ್ನೂ ಕೊಳ್ಳದವರು ಕೊಳ್ಳಲೇಬೇಡಿ. ಇವುಗಳ ಮರಿ ಬೆಳೆಯುವುದು ಕಡಲಿನಲ್ಲಿ, ತೊಟ್ಟಿಯಲ್ಲಿ ಮರಿ ಮಾಡಿಸುವುದು ಬಹಳ ಕಷ್ಟ, ಹಾಗಾಗಿ ಅಂಗಡಿಗೆ ಬರುವುದೆಲ್ಲ ಹೆಚ್ಚುಕಡಿಮೆ ಕಡಲ ದಂಡೆಯಿಂದ ಹಿಡಿದು ತಂದದ್ದೇ. “ನಮ್ಮ ಫಾರಂನಲ್ಲೇ ಬೆಳೆಸಿದ್ದು ಸಾರ್” ಎಂದು ಆ ಅಂಗಡಿಯವನು ನನಗೂ ಹೇಳಿದ್ದ.