ನವನಗರದ ಝರಾಕ್ಸ್ ಅಂಗಡಿ: ಸ್ಕಾಲರ್‌ಶಿಪ್ ಅರ್ಜಿ ಹಾಕೋರು ಇಲ್ಲಿಗೆ ಹೋಗ್ರಿ

ಬಾಗಲಕೋಟೆ ನವನಗರದ ಬಸ್‌ ನಿಲ್ದಾಣದಿಂದ ಹೊರಬಂದು, ಕಾಲೇಜು ಹುಡುಗರು ಚಹಾಕ್ಕೆ ನಿಲ್ಲುವ ಸಾಲಿಗೆ ಹೊರಳಿದರೆ ಈ ಅಂಗಡಿ ಸಿಗುತ್ತದೆ. ಹೆಸರಿನ ಫಲಕವಿಲ್ಲ. ‘ಝರಾಕ್ಸ್, ಲ್ಯಾಮಿನೇಶನ್, ಎಸ್‌ಎಸ್‌ಪಿ ಅರ್ಜಿ’ ಅಂತ ಬಿಸಿಲಿಗೆ ಬಣ್ಣ ಬಿಟ್ಟ ಒಂದು ಫ್ಲೆಕ್ಸು, ಒಳಗೆ ಎರಡು ಕಂಪ್ಯೂಟರು, ಒಂದು ಬೆಂಚು. ಎಸ್‌ಎಸ್‌ಪಿ ಅಂದರೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ರಾಜ್ಯ ಸರ್ಕಾರದ ಜಾಲತಾಣ. ನಡೆಸುವವರನ್ನು ಎಲ್ಲರೂ ಅಕ್ಕಾರ ಅಂತಲೇ ಕರೆಯುತ್ತಾರೆ. ನಾನು ಗುಳೇದಗುಡ್ಡದಲ್ಲಿ ಖಣ ನೇಯುವವನು. ಮಗಳು ಬಾಗಲಕೋಟೆಯಲ್ಲಿ ಬಿ.ಕಾಂ. ಓದುತ್ತಾಳೆ, ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ. ಅವಳ ಅರ್ಜಿಗಾಗಿ ಇಲ್ಲಿಗೆ ಹೋಗಿದ್ದೆವು.

ಅರ್ಜಿ ತುಂಬುವ ಅಂಗಡಿಗಳಿಗೆ ನಮ್ಮಲ್ಲಿ ಬರವಿಲ್ಲ. ಹೋಗಿ ಕೂತ ಕೂಡಲೇ ಟೈಪ್ ಮಾಡಲು ಶುರು, ಪ್ರಿಂಟು ಕೈಗಿಟ್ಟು ರೊಕ್ಕ ತಗೊಂಡರೆ ಅವರ ಕೆಲಸ ಮುಗಿಯಿತು. ಅಕ್ಕಾರು ಕೀಬೋರ್ಡ್ ಮುಟ್ಟುವ ಮೊದಲು ಕಾಗದವನ್ನೆಲ್ಲ ಟೇಬಲ್ ಮೇಲೆ ಹರಡುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದು ಕಡೆ, ಆಧಾರ್ ಇನ್ನೊಂದು ಕಡೆ. ಎರಡರಲ್ಲೂ ಹೆಸರಿನ ಕೆಳಗೆ ಪೆನ್ನಿನ ತುದಿ ಸರಿಸುತ್ತ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಓದುತ್ತಾರೆ. ಇನಿಷಿಯಲ್ ಹಿಂದೆ ಮುಂದಾಗಿದ್ದರೂ ಅಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು (ಪತ್ರದ ಮೇಲಿರುವ ಗುರುತಿನ ಸಂಖ್ಯೆ), ಪತ್ರದ ತಾರೀಖು. ಆದಾಯದ ಪತ್ರ 5 ವರ್ಷ ಮಾತ್ರ ನಡೆಯುತ್ತದೆ. ನಮ್ಮ ಮುಂದಿದ್ದ ಹುಡುಗನಿಗೆ ಅಕ್ಕಾರು ಹೇಳಿದ್ದು: “ಎಂಟನೇತ್ತ್ಯಾಗ ತಗಿಸಿದ್ದು ಡಿಗ್ರಿ ಎರಡನೇ ವರ್ಷಕ್ಕ ಎಲ್ಲಿ ನಡೀತೈತೋ ತಮ್ಮಾ? ಮೊದ್ಲ ನಾಡಕಚೇರಿಗೆ ಹೋಗಿ ಹೊಸಾದು ಮಾಡಿಸ್ಕೊಂಡ ಬಾ.” ಅವನಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಹಾಸಿನಲ್ಲಿ ಒಂದು ಎಳೆ ತಪ್ಪಿದ್ದು ನೇಯುವ ಮೊದಲೇ ಕಂಡರೆ ಎಷ್ಟು ಚಲೋ ಅನ್ನುವುದು ಮಗ್ಗದ ಮುಂದೆ ಕೂತವನಿಗೆ ಗೊತ್ತು.

ನನಗೆ ಈ ಅಂಗಡಿ ಮನಸ್ಸಿಗೆ ಹಿಡಿಸಿದ್ದು ಬ್ಯಾಂಕ್ ಖಾತೆಯ ವಿಷಯದಲ್ಲಿ. ವಿದ್ಯಾರ್ಥಿವೇತನ ಮಂಜೂರಾಗುವುದೇ ಬೇರೆ, ಕೈಗೆ ಬರುವುದೇ ಬೇರೆ. ರೊಕ್ಕ ಡಿಬಿಟಿ ಮೂಲಕ, ಅಂದರೆ ಸರ್ಕಾರದಿಂದ ನೇರವಾಗಿ, ಆಧಾರ್‌ಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದು ಸಲಕ್ಕೆ ಒಂದೇ ಬ್ಯಾಂಕ್ ಇರುತ್ತದೆ, ಕೊನೆಗೆ ಜೋಡಿಸಿದ್ದು. ಮಗಳಿಗೆ ಎರಡು ಖಾತೆ. ನಮ್ಮೂರ ಕಡೆಯ ಒಂದು ಬ್ಯಾಂಕಿನಲ್ಲಿ ಕೇಳಿದರೆ “ಲಿಂಕ್ ಆಗೇತ್ರಿ” ಅಂದಿದ್ದರು. ಅಕ್ಕಾರು ಆಧಾರ್ ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ (ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ತೋರಿಸುವ ಪುಟ) ತೆಗೆದು, ಮಾನಿಟರನ್ನು ನಮ್ಮ ಕಡೆ ತಿರುಗಿಸಿದರು. ಅಲ್ಲಿ ಕಂಡದ್ದು ಎಂದೋ ತೆರೆದು ಮರೆತಿದ್ದ ಇನ್ನೊಂದು ಬ್ಯಾಂಕಿನ ಹೆಸರು. ಆಧಾರ್ ಪ್ರತಿ ಕೊಟ್ಟು ಕೆವೈಸಿ ಮಾಡಿಸುವುದು ಬೇರೆ, ಡಿಬಿಟಿಗೆ ಜೋಡಿಸುವುದು ಬೇರೆ; ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಫಾರ್ಮ್ ಅಂತಲೇ ಕೇಳಿ ತುಂಬಿ ಕೊಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಅದೂ ಆಗದಿದ್ದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಖಾತೆ ತೆರೆಯಬಹುದಂತೆ. ಇಷ್ಟು ಬಿಡಿಸಿ ಹೇಳಿದವರನ್ನು ಕೌಂಟರಿನ ಆ ಕಡೆ ನಾನು ನೋಡಿರಲಿಲ್ಲ.

ಅರ್ಜಿ ತುಂಬುವಾಗ ಇನ್ನೊಂದು ಪ್ರಶ್ನೆ: “ಎಲ್ಲಿ ಇರ್ತೀಯವಾ? ಹಾಸ್ಟೆಲೋ, ರೂಮೋ, ದಿನಾ ಬಸ್ಸೋ?” ಕೆಲವು ಕಡೆ ಇದನ್ನು ಕೇಳದೆಯೇ ಮನೆಯಿಂದ ಓಡಾಡುವವರು ಅಂತ ಒತ್ತಿಬಿಡುತ್ತಾರೆ. ಹಿಂದುಳಿದ ವರ್ಗಗಳ ಮಕ್ಕಳಿಗೆ ಸರ್ಕಾರಿ ಹಾಸ್ಟೆಲ್ ಸೀಟು ಸಿಗದೆ ಹೊರಗೆ ಇದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ರೊಕ್ಕ ಇದೆ; ಯೋಜನೆ ಶುರುವಾದಾಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ರೂಪಾಯಿ. ನಮ್ಮ ಮನೆಗೆ ಅದು ಸಣ್ಣ ಮೊತ್ತವಲ್ಲ, ರೂಮಿನ ಬಾಡಿಗೆಯ ಚಿಂತೆ ಬಹಳಷ್ಟು ತಪ್ಪುತ್ತದೆ. ಹಾಸ್ಟೆಲ್‌ಗೆ ಅರ್ಜಿ ಹಾಕಿದ ಪ್ರತಿ ಇದೆಯೇ ಅಂತಲೂ ಕೇಳಿದರು. ಇತ್ತು, ಮಗಳು ಫೈಲಿನಿಂದ ತೆಗೆದುಕೊಟ್ಟಳು. ಬೆಂಚಿನ ಮೇಲಿದ್ದ ರೈತರೊಬ್ಬರಿಗೆ ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ನೋಂದಾಯಿಸಿದ ರೈತರಿಗೆ ಸಿಗುವ ಗುರುತಿನ ಸಂಖ್ಯೆ) ಇದೆಯೇ ಅಂತ ವಿಚಾರಿಸಿದ್ದೂ ಕೇಳಿಸಿತು. ರೈತರ ಮಕ್ಕಳ ಓದಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಅದು ಬೇಕು, ಬಿ.ಎ., ಬಿ.ಕಾಂ. ಹುಡುಗರಿಗೆ 5,000, ಹುಡುಗಿಯರಿಗೆ 5,500 ಅಂತ ಯೋಜನೆ ಹೊರಟಾಗಲೇ ಗೊತ್ತುಮಾಡಿದ್ದು.

ಕೊರತೆಗಳೂ ಇವೆ. ದರದ ಪಟ್ಟಿ ಎಲ್ಲೂ ಅಂಟಿಸಿಲ್ಲ. ನಮ್ಮಿಂದ ಅರ್ಜಿಗೆ 100 ರೂಪಾಯಿ ತಗೊಂಡರು, ಸ್ಕ್ಯಾನು, ಪ್ರಿಂಟಿನ ಲೆಕ್ಕ ಬೇರೆ. ಪಕ್ಕದ ಸಾಲಿಗಿಂತ ತುಸು ಜಾಸ್ತಿಯೇ. ಆದರೆ ಮೊದಲೇ ಬಾಯಿಬಿಟ್ಟು ಹೇಳುತ್ತಾರೆ, ನನಗೆ ತಕರಾರಿಲ್ಲ. ಎರಡನೇ ಕಂಪ್ಯೂಟರಿನಲ್ಲಿ ಕೂರುವ ಹುಡುಗನಿಗೆ ಅಕ್ಕಾರ ತಾಳ್ಮೆಯ ಕಾಲು ಪಾಲೂ ಇಲ್ಲ. ಅವನ ಮುಂದೆ ಜಾಗ ಖಾಲಿ ಇದ್ದರೂ ಕಾದು ಅಕ್ಕಾರ ಹತ್ತಿರವೇ ಮಾಡಿಸಿ. ಮಧ್ಯಾಹ್ನ ಊಟಕ್ಕೆ ಷಟರ್ ಇಳಿದರೆ ಯಾವಾಗ ಏಳುತ್ತದೋ ಹೇಳಲಾಗದು. ಕೊನೆಯ ತಾರೀಖು ಹತ್ತಿರ ಬಂದಾಗ ಹೋದರೆ ಬೆಂಚೂ ಸಿಗುವುದಿಲ್ಲ.

ಪಾಸ್‌ಬುಕ್, ಕಾಲೇಜಿನ ಶುಲ್ಕದ ರಸೀದಿ, ಆರ್‌ಡಿ ನಂಬರಿರುವ ಪತ್ರಗಳು ಮೂಲದ್ದೇ ಒಯ್ಯಿರಿ. ಆಧಾರ್‌ಗೆ ಜೋಡಿಸಿದ ಸಿಮ್ ಇರುವ ಫೋನನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಒಟಿಪಿ ಅದಕ್ಕೇ ಬರುತ್ತದೆ.