ಹದಿಮೂರು ದಿನದ ಪ್ಯಾಕೇಜು: ಪುರಾಣಕ್ಕೆ ಐದು ಸ್ಟಾರ್, ಚಪ್ಪಲಿಗೆ ಒಂದು

ಅಪ್ಪ ತೀರಿಕೊಂಡಾಗ ನಮಗೆ ಏನೂ ತಿಳಿದಿರಲಿಲ್ಲ. ಕರ್ಮಕ್ಕೆ ಕೂರಬೇಕಾದವನು ನಾನೇ. ಯಾರೋ ನಂಬರ್ ಕೊಟ್ಟರು, ಬೆಂಗಳೂರಿನಲ್ಲೇ ಅಪರ ಕರ್ಮ ಮಾಡಿಸಿಕೊಡುವ ಒಂದು ಜಾಗ. ಹೆಸರು ಬೇಡ. ಪುರೋಹಿತರು, ಸಾಮಾನು, ದಾನದ ವಸ್ತು, ಅಡುಗೆ, ಜೊತೆಗೆ ಸಂಜೆ ಮನೆಗೆ ಬಂದು ಗರುಡ ಪುರಾಣ ಓದುವುದು, ಎಲ್ಲ ಸೇರಿ ಒಂದೇ ರೇಟು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಪುರಾಣ ಓದಿದ ಶಾಸ್ತ್ರಿಗಳು ಅದ್ಭುತ. ಗರುಡ ಪುರಾಣದ ಸಾರಸಂಗ್ರಹವಾದ 16 ಅಧ್ಯಾಯದ ಸಾರೋದ್ಧಾರವನ್ನು ಶ್ಲೋಕ ಓದಿ ಕನ್ನಡದಲ್ಲಿ ಕಥೆಯ ಹಾಗೆ ಹೇಳುತ್ತಿದ್ದರು. ಯಮನ ಪಟ್ಟಣಕ್ಕೆ 86,000 ಯೋಜನ, ದಿನಕ್ಕೆ 247 ಯೋಜನ ನಡಿಗೆ, ದಾರಿಯಲ್ಲಿ 16 ಊರು, ಮಾಸಿಕದಲ್ಲಿ, ಅಂದರೆ ತಿಂಗಳು ತಿಂಗಳು ಮಾಡುವ ಶ್ರಾದ್ಧದಲ್ಲಿ, ನಾವಿಡುವ ಪಿಂಡವೇ ಅಲ್ಲಿ ಬುತ್ತಿ. ನಾನು ಸುಮ್ನೆ ಕೂತು ಮನಸ್ಸಲ್ಲೇ ಭಾಗಾಕಾರ ಮಾಡಿದೆ, 348 ದಿನ ಬಂತು. ಅದಕ್ಕೇ ವರ್ಷದ ಲೆಕ್ಕ ಅಂತ ಆಗ ಹೊಳೆಯಿತು. ಭಾಗವತದ ಐದನೇ ಸ್ಕಂಧದಲ್ಲಿ 28 ನರಕದ ಪಟ್ಟಿ ಇದೆಯಂತೆ, ಅದನ್ನೂ ಹೇಳಿದರು. ತಿಗಣೆ, ಸೊಳ್ಳೆಗೆ ಹಿಂಸೆ ಕೊಟ್ಟವರಿಗೆ ಅಂಧಕೂಪ ಅಂದಾಗ ತಂಗಿಯ ಮಗ ಸೊಳ್ಳೆ ಬ್ಯಾಟನ್ನು ಮೆಲ್ಲಗೆ ಸೋಫಾ ಕೆಳಗೆ ತಳ್ಳಿದ. ಆ ಮನೆಯಲ್ಲಿ ಐದು ದಿನದ ನಂತರ ಮೊದಲ ಸಲ ನಗು ಕೇಳಿಸಿದ್ದು ಆಗಲೇ.

ಈಗ ಕೆಟ್ಟದ್ದು. ಅಲ್ಲಿನ ಮ್ಯಾನೇಜರ್ ಅದೇ ಪುರಾಣವನ್ನು ರೇಟ್ ಕಾರ್ಡ್ ಮಾಡಿಕೊಂಡಿದ್ದಾರೆ. ವೈತರಣಿ ಅಂದರೆ ರಕ್ತ, ಕೀವಿನ ಹೊಳೆ, ಹಸುವಿನ ಬಾಲ ಹಿಡಿದು ದಾಟಬೇಕು ಅನ್ನುತ್ತಾರಲ್ಲ, ಆ ಗೋದಾನ ಪ್ಯಾಕೇಜಿನಲ್ಲಿ ಇಲ್ಲವಂತೆ! ಹಸುವಿನ ಬದಲು ತೆಂಗಿನಕಾಯಿ ಇಟ್ಟು ಮಾಡಿದರೆ 1,000, ಬೆಳ್ಳಿ ಹಸುವಾದರೆ 6,500. ಇದನ್ನು ನನ್ನ ಹತ್ತಿರ ಹೇಳಿದ್ದರೆ ಪರವಾಗಿಲ್ಲ. ಅಮ್ಮನನ್ನು ಪಕ್ಕಕ್ಕೆ ಕರೆದು "ತೆಂಗಿನಕಾಯಿ ಸಾಕು ಅಂದ್ರೆ ನಿಮ್ಮಿಷ್ಟ ಅಮ್ಮಾ, ಯಜಮಾನ್ರು ಅಲ್ಲೇ ಸಿಕ್ಕಿಹಾಕಿಕೊಂಡ್ರೆ ಆಮೇಲೆ ಯಾರೂ ಏನೂ ಮಾಡೋಕಾಗಲ್ಲ" ಅಂದರಂತೆ. ಅಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲ.

ಮಾರನೇ ಸಂಜೆ ಅಮ್ಮನೇ ಶಾಸ್ತ್ರಿಗಳನ್ನು ಕೇಳಿದರು, ನರಕಕ್ಕೆ ಹೋದವರು ವಾಪಸ್ ಬರೋದೇ ಇಲ್ವಾ ಅಂತ. ಅವರು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. "ಹಾಗೆಲ್ಲ ಇಲ್ಲ ತಾಯಿ. ಮಾಡಿದ್ದಕ್ಕೆ ತಕ್ಕಷ್ಟು ದಿನ, ಆಮೇಲೆ ಮತ್ತೆ ಹುಟ್ಟು. ಪುಣ್ಯ ಖಾಲಿಯಾದ್ರೆ ಸ್ವರ್ಗದಿಂದಲೂ ವಾಪಸ್ ಕಳಿಸ್ತಾರೆ, ಗೀತೆಯ 9ನೇ ಅಧ್ಯಾಯ ತೆಗೆದು ನೋಡಿ." ನಮ್ಮ ಭಾವ ಮಾಧ್ವರು, ಸುಮ್ಮನಿರಬೇಕಲ್ಲ! ಮಧ್ವಾಚಾರ್ಯರು ಜೀವರಲ್ಲೇ ಮೂರು ಬಗೆ ಹೇಳಿದ್ದಾರೆ, ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು, ಆ ಕೊನೆಯವರು ಅಂಧತಮಸ್ಸಿಗೆ, ಅಂದರೆ ಕಗ್ಗತ್ತಲೆಯ ನರಕಕ್ಕೆ, ಹೋದರೆ ಬರುವ ಮಾತೇ ಇಲ್ಲ ಅಂತ ಶುರು ಮಾಡಿದರು. ಹೌದು, ನಮ್ಮ ವೇದಾಂತಗಳಲ್ಲಿ ಹೀಗೆ ಖಡಾಖಂಡಿತವಾಗಿ ಹೇಳುವುದು ಅವರದೇ. ಶಾಸ್ತ್ರಿಗಳು ವಾದಕ್ಕೆ ಇಳಿಯಲಿಲ್ಲ. "ಇರಬಹುದು. ಆದ್ರೆ ಅದು ಜೀವದ ಸ್ವಭಾವಕ್ಕೆ ಹೇಳಿದ್ದು, ಬೆಳ್ಳಿ ಹಸು ಕೊಡದೇ ಇದ್ದೋರಿಗಲ್ಲ" ಅಂದರು. ಭಾವನೂ ತಲೆಯಾಡಿಸಿದರು. ಅಮ್ಮ ಆವತ್ತು ಎರಡು ತುತ್ತು ಜಾಸ್ತಿ ಊಟ ಮಾಡಿದರು. ನಾವು ತೆಂಗಿನಕಾಯಿಯಲ್ಲೇ ಮುಗಿಸಿದೆವು.

ದಾನದ ಸೆಟ್ ಬಗ್ಗೆ ಹೇಳದಿದ್ದರೆ ಆಗದು. ಕೊಡೆ, ಚಪ್ಪಲಿ ಕೊಡುವುದು ಆ ದಾರಿಯ ಬಿಸಿಲು ಮುಳ್ಳಿಗೆ ಅಂತ ತಾನೇ? ಇವರು ಕೊಟ್ಟ ಕೊಡೆಯ ಒಂದು ಕಡ್ಡಿ ಬಿಚ್ಚಿದ ತಕ್ಷಣ ಕಿತ್ತು ಬಂತು. ಚಪ್ಪಲಿ ಏಳನೇ ನಂಬರು, ಅದೂ ತೆಳ್ಳಗಿನ ರಬ್ಬರು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ "ಅವರದು ಹತ್ತು" ಅಂದರು, ಅಷ್ಟೇ. ತಂಗಿಯ ಮಗ ಸ್ಕೂಟರ್ ತೆಗೆದುಕೊಂಡು ಓಡಿದ. ಪುರೋಹಿತರು ಮುಹೂರ್ತ ಮೀರುತ್ತೆ ಅಂತ ಗೊಣಗಿದರೂ ಇಪ್ಪತ್ತು ನಿಮಿಷ ಕಾದರು.

ಊಟ ಚೆನ್ನಾಗಿತ್ತು. ವೈಕುಂಠ ಸಮಾರಾಧನೆಯ ದಿನ ವಡೆ ಬಿಸಿಬಿಸಿ ಬಂತು, ಪಾಯಸಕ್ಕೆ ಮಾತ್ರ ಸಕ್ಕರೆ ಕಮ್ಮಿ. ಜಾಗ ಸ್ವಚ್ಛ, ಪಾರ್ಕಿಂಗ್ ಇಲ್ಲ.

ಒಟ್ಟು ಐದಕ್ಕೆ ಮೂರು, ಅದರಲ್ಲಿ ಎರಡೂವರೆ ಶಾಸ್ತ್ರಿಗಳದ್ದು. ಮಾಸಿಕಕ್ಕೆ ಅವರಿಗೇ ನೇರವಾಗಿ ಹೇಳಿದ್ದೇವೆ. ಸಾಮಾನು ನಾವೇ ತರುತ್ತೇವೆ.